ಚಿಂಚೆರೊ: ಮಗ್ಗದ ಮನೆಯಲ್ಲಿ ಮೂರು ರಾತ್ರಿ

ಪೆರು ದೇಶದ ಕುಸ್ಕೊ ಕಡೆ ಹೋಗುವವರು ಯಾರೇ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ. ಚಿಂಚೆರೊಗೆ ಅರ್ಧ ಗಂಟೆಗೆ ಅಂತ ಹೋಗಬೇಡಿ, ಉಳಿಯೋಕೆ ಹೋಗಿ. ಕಳೆದ ಜೂನ್‌ನಲ್ಲಿ ನಾನು ಮತ್ತು ನನ್ನ ತಂಗಿ ಅಲ್ಲಿ ನೇಕಾರರ ಒಂದು ಮನೆಯಲ್ಲಿ ಮೂರು ರಾತ್ರಿ ಇದ್ದೆವು. ಊಟ, ಹಾಸಿಗೆ, ಎರಡು ದಿನದ ನೇಯ್ಗೆ ಪಾಠ ಎಲ್ಲ ಅವರದ್ದೇ. ಮನೆಯವರ ಹೆಸರು ಇಲ್ಲಿ ಹಾಕುತ್ತಿಲ್ಲ, ಅವರನ್ನು ಕೇಳದೆ ಹಾಕೋದು ಸರಿಯಲ್ಲ. ಆದರೆ ಇಂಥ ಮನೆಗಳು ಅಲ್ಲಿ ಇನ್ನೂ ಇವೆ, ಹೇಗೆ ಹುಡುಕೋದು ಅಂತ ಮುಂದೆ ಬರೆದಿದ್ದೀನಿ. ಐದರಲ್ಲಿ ನಾಲ್ಕೂವರೆ ಕೊಡ್ತೀನಿ. ಆ ಅರ್ಧ ಯಾಕೆ ಕಡಿಮೆ ಅನ್ನೋದನ್ನೂ ಹೇಳ್ತೀನಿ.

ನಮ್ಮೂರು ಗುಳೇದಗುಡ್ಡ. ಅಜ್ಜನ ಮನೆಯಲ್ಲಿ ಕುಣಿಮಗ್ಗ ಇತ್ತು, ಖಣ ನೇಯುತ್ತಿದ್ದರು. ಮಧ್ಯಾಹ್ನ ಲಾಳಿಯ ಸದ್ದು ಕೇಳುತ್ತಲೇ ನಿದ್ದೆ ಹೋಗಿ ಬೆಳೆದವರು ನಾವು. ಬಟ್ಟೆ ಕೈಗೆ ಬಂದರೆ ಮೊದಲು ತಿರುಗಿಸಿ ಹಿಂಬದಿ ನೋಡೋದು ಮನೆಯಲ್ಲಿ ಎಲ್ಲರಿಗೂ ಅಭ್ಯಾಸ. ಆಫೀಸ್ ಕೆಲಸದ ಮೇಲೆ ಲಿಮಾಗೆ ಹೋಗಬೇಕಾಗಿ ಬಂದಾಗ ಒಂದು ವಾರ ರಜೆ ಸೇರಿಸಿಕೊಂಡೆ. ತಂಗಿಗೆ ಸ್ಪ್ಯಾನಿಷ್ ಬರುತ್ತೆ, ಅವಳೂ ಬಂದಳು.

ಊರಿನ ಬಗ್ಗೆ ಮೊದಲು ಸ್ವಲ್ಪ. ಚಿಂಚೆರೊ ಅನ್ನೋದು ಕುಸ್ಕೊ ಪ್ರಾಂತದ ಉರುಬಾಂಬಾ ಜಿಲ್ಲೆಗೆ ಸೇರಿದ ಏಳು ತಾಲ್ಲೂಕುಗಳಲ್ಲಿ ಒಂದು. ನಮ್ಮ ಲೆಕ್ಕದಲ್ಲಿ ತಾಲ್ಲೂಕು ಅಂದರೂ ನಡೆಯುತ್ತೆ, ದೊಡ್ಡ ಹೋಬಳಿ ಅಂದರೂ ನಡೆಯುತ್ತೆ. ಕುಸ್ಕೊ ನಗರ ಇರೋದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಆಚೆ ಬದಿಯ ಉರುಬಾಂಬಾ ಕಣಿವೆ 2,870ರ ಹತ್ತಿರ. ಇವೆರಡರ ನಡುವೆ ಮೇಜಿನ ಹಾಗೆ ಎದ್ದು ನಿಂತ ಬಯಲಿನ ಮೇಲೆ ಚಿಂಚೆರೊ ಇದೆ, ಸುಮಾರು 3,760 ಮೀಟರ್. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಹೆಚ್ಚುಕಡಿಮೆ ಅಷ್ಟು. ಆ ಎತ್ತರದಲ್ಲಿ ಕಲ್ಲುಬಂಡೆ ಮಾತ್ರ ಇರಬಹುದು ಅಂದುಕೊಂಡಿದ್ದೆ. ಹೋಗಿ ನೋಡಿದರೆ ಕಣ್ಣು ಹಾಯುವಷ್ಟು ದೂರ ಹೊಲ. ಆಲೂಗಡ್ಡೆ ಕಿತ್ತ ಕೆಂಪು ಮಣ್ಣು, ಬಾರ್ಲಿಯ ಹಳದಿ ಕೂಳೆ, ನಡುವೆ ಪಿಯುರಾಯ್ ಮತ್ತು ವಾಯ್ಪೊ ಅನ್ನೋ ಎರಡು ಕೆರೆ. ಕುಸ್ಕೊ ನಗರ ಕುಡಿಯುವ ನೀರಿನ ಒಂದು ಪಾಲು ಈ ಪಿಯುರಾಯ್ ಕೆರೆಯಿಂದಲೇ ಹೋಗುತ್ತೆ. ಉತ್ತರಕ್ಕೆ ತಿರುಗಿದರೆ ಚಿಕೋನ್, ವೆರೋನಿಕಾ ಶಿಖರಗಳು ಬೆಳಗಿನ ಬಿಸಿಲಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ನಿಂತಿರುತ್ತವೆ. ಅಲ್ಲಿಯವರು ಇಂಥ ಬೆಟ್ಟಗಳನ್ನು 'ಆಪು' ಅನ್ನುತ್ತಾರೆ. ಒಡೆಯ ಅಂತ ಅರ್ಥ. ಹೊಲಕ್ಕೆ ಇಳಿಯುವ ಮುಂಚೆ ಬೆಟ್ಟದ ಕಡೆ ತಿರುಗಿ ನೆನೆಯುತ್ತಾರೆ. ನಮ್ಮಲ್ಲೂ ಬೆಟ್ಟಕ್ಕೆ ಒಡೆಯ ಇರ್ತಾನೆ ಅಲ್ವಾ, ಮಾದಪ್ಪ ಇಲ್ಲವೇ ಮೈಲಾರಲಿಂಗ. ಹಾಗಾಗಿ ನಮಗೆ ವಿಚಿತ್ರ ಅನ್ನಿಸಲಿಲ್ಲ.

ಎತ್ತರದ ವಿಷಯ ಸುಮ್ನೆ ಹೇಳ್ತಿಲ್ಲ. ಲಿಮಾ ಸಮುದ್ರದ ದಂಡೆಯ ಊರು. ಅಲ್ಲಿಂದ ವಿಮಾನದಲ್ಲಿ ಒಂದೂವರೆ ಗಂಟೆಯಲ್ಲಿ ಕುಸ್ಕೊಗೆ ಇಳಿದ ಮೊದಲ ದಿನ ನನಗೆ ಹೋಟೆಲ್ ಮೆಟ್ಟಿಲು ಹತ್ತೋಕೂ ಆಗಲಿಲ್ಲ, ತಲೆ ಸಿಡಿಯುತ್ತಿತ್ತು. ಅಲ್ಲಿ ಇದನ್ನು ಸೊರೊಚೆ ಅನ್ನುತ್ತಾರೆ. ಮೊದಲು ಕೆಳಗೆ ಉರುಬಾಂಬಾ ಕಣಿವೆಯಲ್ಲಿ ಎರಡು ದಿನ ಇದ್ದು ಆಮೇಲೆ ಚಿಂಚೆರೊಗೆ ಹತ್ತಿ, ಮೈ ಒಗ್ಗಿಕೊಳ್ಳುತ್ತೆ. ನಾವು ಇದನ್ನು ತಿಳಿದದ್ದು ತಡವಾಗಿ. ಇನ್ನೊಂದು ವಿಷಯ, ಅಷ್ಟು ಎತ್ತರದಲ್ಲಿ ನೀರು 87–88 ಡಿಗ್ರಿಗೇ ಕುದಿಯುತ್ತೆ. ಚಹಾ ಎಷ್ಟು ಕುದಿಸಿದರೂ ನಮ್ಮ ಬಾಯಿಗೆ ಬಿಸಿ ಸಾಲದು. ಬೇಳೆ ಬೇಯಿಸೋಕೆ ಕುಕ್ಕರ್ ಬೇಕೇ ಬೇಕು. ನಾವಿದ್ದ ಮನೆಯಲ್ಲೂ ಒಲೆಯ ಪಕ್ಕ ಹಳೆಯದೊಂದು ಕುಕ್ಕರ್ ಇತ್ತು. ಅದರ ಸೀಟಿ ಕೇಳಿ ತಂಗಿ ನನ್ನ ಮುಖ ನೋಡಿದಳು. ಊರು ನೆನಪಾಯಿತು.

ಮೊದಲ ಸಲ ಚಿಂಚೆರೊಗೆ ಹೋಗಿದ್ದು ಒಂದು ದಿನದ ಟೂರ್ ವ್ಯಾನಿನಲ್ಲಿ. ಮಾರಾಸ್‌ನ ಉಪ್ಪಿನ ಮಡಿಗಳು, ಮೊರಾಯ್‌ನ ಗುಂಡನೆಯ ಮೆಟ್ಟಿಲು ಹೊಲ, ಕೊನೆಗೆ ಚಿಂಚೆರೊ, ಹೀಗೆ ಒಂದೇ ಉಸಿರಿನಲ್ಲಿ. ವ್ಯಾನ್ ನಿಲ್ಲಿಸಿದ್ದು ರಸ್ತೆ ಬದಿಯ ಒಂದು ನೇಯ್ಗೆ ಅಂಗಡಿಯ ಮುಂದೆ. ಬಿಸಿ ಚಹಾ ಕೊಟ್ಟರು, ಒಬ್ಬ ಹುಡುಗಿ ಬಣ್ಣ ಹಾಕೋದನ್ನು ಬಾಯಿಪಾಠದ ಹಾಗೆ ಹೇಳಿದಳು, ಹತ್ತು ನಿಮಿಷಕ್ಕೆ ಮುಗಿಯಿತು. ಗೈಡ್ ಗಡಿಯಾರ ನೋಡುತ್ತಾ ನಿಂತಿದ್ದ. ತಂಗಿ ಅವಸರದಲ್ಲಿ 90 ಸೋಲ್ ಕೊಟ್ಟು (ಸೋಲ್ ಅಂದರೆ ಪೆರುವಿನ ದುಡ್ಡು) 'ಬೇಬಿ ಅಲ್ಪಾಕಾ', ಅಂದರೆ ಅಲ್ಪಾಕಾ ಪ್ರಾಣಿಯ ನುಣುಪು ಉಣ್ಣೆಯದು ಅಂತ ಹೇಳಿದ ಶಾಲು ತಗೊಂಡಳು. ರಾತ್ರಿ ಹೋಟೆಲಿನಲ್ಲಿ ಅಂಚಿನ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದೆ. ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಪ್ಲಾಸ್ಟಿಕ್ ವಾಸನೆ ಬಂತು, ತುದಿ ಗಟ್ಟಿ ಗುಂಡಾಯಿತು. ಪೂರ್ತಿ ಅಕ್ರಿಲಿಕ್. ಹಣ ಹೋದದ್ದಕ್ಕಿಂತ, ಅಂಥ ಊರಿಗೆ ಹೋಗಿ ನಿಜವಾದ ಬಟ್ಟೆ ನೋಡದೆ ಬಂದೆವಲ್ಲ ಅಂತ ಬೇಜಾರಾಯಿತು. ಅದಕ್ಕೇ ಮತ್ತೆ ಹೋದದ್ದು.

ಎರಡನೇ ಸಲ ನಾವಾಗಿಯೇ ಹೊರಟೆವು. ಕುಸ್ಕೊದ ಪಾವಿತೋಸ್ ಬೀದಿಯಿಂದ ಉರುಬಾಂಬಾಗೆ ಹೋಗುವ ಶೇರ್ ವ್ಯಾನ್ ಸಿಗುತ್ತೆ, ಕಲೆಕ್ಟಿವೊ ಅನ್ನುತ್ತಾರೆ. ನಮ್ಮ ಟೆಂಪೋ ಟ್ರ್ಯಾಕ್ಸ್ ಹಾಗೇ ತುಂಬಿದ ಮೇಲೆ ಹೊರಡುತ್ತೆ. ಒಂದು ಗಂಟೆಯೊಳಗೆ ಚಿಂಚೆರೊ ತಿರುವಿನಲ್ಲಿ ಇಳಿಸಿದ. ಮನೆಯ ಅಮ್ಮ ರಸ್ತೆಗೇ ಬಂದು ನಿಂತಿದ್ದರು. ಕೆಂಪು ಜಾಕೀಟು, ಕಪ್ಪು ಉಣ್ಣೆ ಲಂಗ, ಬೆನ್ನ ಮೇಲೆ ಲಿಕ್ಲ್ಯಾ ಅನ್ನೋ ಹೊದಿಕೆಯಲ್ಲಿ ಒಂದು ಹೊರೆ ಹುಲ್ಲು. ಕೈ ಮಾತ್ರ ಸುಮ್ಮನೆ ಇರಲಿಲ್ಲ. ನಮ್ಮ ಜೊತೆ ಮಾತಾಡುತ್ತಾ, ನಡೆಯುತ್ತಾ, ಪುಷ್ಕಾದಲ್ಲಿ ನೂಲು ತೆಗೆಯುತ್ತಲೇ ಇದ್ದರು. ಪುಷ್ಕಾ ಅಂದರೆ ನಮ್ಮ ತಕಲಿಯೇ, ಸ್ವಲ್ಪ ದೊಡ್ಡದು, ಮರದ್ದು. ಮೂರು ದಿನದಲ್ಲಿ ಅವರು ಬರಿಗೈಯಲ್ಲಿ ನಡೆದದ್ದು ನಾನು ನೋಡಲಿಲ್ಲ.

ಮನೆ ಹಸಿ ಇಟ್ಟಿಗೆಯದು, ಮೇಲೆ ಹೆಂಚು, ಹೆಂಚಿನ ನೆತ್ತಿಯಲ್ಲಿ ಜೋಡಿ ಮಣ್ಣಿನ ಹೋರಿಗಳು, ನಡುವೆ ಶಿಲುಬೆ. ಮನೆ ಕಾಯೋಕೆ ಅಂತ. ನಮಗೆ ಕೊಟ್ಟ ಕೋಣೆ ಚಿಕ್ಕದು, ಚೊಕ್ಕಟ. ಎರಡು ಮಂಚ, ಒಂದೊಂದರ ಮೇಲೆ ನಾಲ್ಕು ಉಣ್ಣೆ ಕಂಬಳಿ. ಆ ಕಂಬಳಿಗಳ ಭಾರಕ್ಕೆ ಮಗ್ಗುಲು ಬದಲಿಸೋದೇ ಕಷ್ಟ, ಆದರೆ ಅವಿಲ್ಲದೆ ಬದುಕೋದೂ ಕಷ್ಟ. ಜೂನ್, ಜುಲೈ ಅಲ್ಲಿ ಒಣ ಚಳಿಗಾಲ. ಹಗಲಲ್ಲಿ ಬಿಸಿಲು ಚುರುಕು, ಸೂರ್ಯ ಮುಳುಗಿದ ಅರ್ಧ ಗಂಟೆಗೆ ಕೈ ಮರಗಟ್ಟುತ್ತೆ. ಬೆಳಿಗ್ಗೆ ಅಂಗಳದ ಬಕೆಟ್ ನೀರಿನ ಮೇಲೆ ಗಾಜಿನ ಹಾಗೆ ತೆಳ್ಳನೆ ಮಂಜು ಕಟ್ಟಿತ್ತು. ಕೋಣೆಯಲ್ಲಿ ಹೀಟರ್ ಇಲ್ಲ. ಬಿಸಿನೀರು ಮಧ್ಯಾಹ್ನ ಮಾತ್ರ, ಅದೂ ಸೋಲಾರ್‌ನದು, ಇಬ್ಬರಿಗೆ ಸಾಲದು. ಮುಂಚೆಯೇ ಹೇಳಿದ್ದರೆ ದಪ್ಪ ಕಾಲುಚೀಲ ತರುತ್ತಿದ್ದೆವು. ನನ್ನ ಅರ್ಧ ಅಂಕದಲ್ಲಿ ಸ್ವಲ್ಪ ಇಲ್ಲಿ ಹೋಯಿತು.

ಈಗ ಪಾಠಕ್ಕೆ ಬರೋಣ. ಮೊದಲ ಬೆಳಿಗ್ಗೆ ಶುರುವಾದದ್ದು ಉಣ್ಣೆ ತೊಳೆಯೋದರಿಂದ. ಸಕ್ತಾ ಅನ್ನೋ ಒಂದು ಗೆಡ್ಡೆಯನ್ನು ತುರಿದು ಬಿಸಿನೀರಿಗೆ ಹಾಕಿ ಕೈಯಾಡಿಸಿದರು. ಅಂಟುವಾಳದ ಕಾಯಿ ಉಜ್ಜಿದ ಹಾಗೆ ನೊರೆ ಎದ್ದಿತು. ಜಿಡ್ಡು ಹಿಡಿದ ಕಂದು ಕುರಿಯುಣ್ಣೆ ಅದರಲ್ಲಿ ಎರಡು ಸಲ ಅದ್ದಿ ಹಿಂಡಿದರೆ ಹತ್ತಿಯ ಹಾಗೆ ಬೆಳ್ಳಗಾಯಿತು. ಇದೇ ಗೆಡ್ಡೆಯಲ್ಲೇ ತಲೆಗೂದಲನ್ನೂ ತೊಳೆಯುತ್ತಾರಂತೆ. ಅರವತ್ತು ದಾಟಿದ ಅಜ್ಜಿಗೂ ಜಡೆ ಕಪ್ಪಗಿತ್ತು, ಹಾಗಾಗಿ ನಂಬಿದೆ.

ಆಮೇಲೆ ಬಣ್ಣ. ಪಾಪಸುಕಳ್ಳಿಯ ಎಲೆ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗೆ ಅಂಟಿಕೊಂಡಿರುವ ಸಣ್ಣ ಹುಳ, ಅದೇ ಕೊಚಿನಿಲ್. ಒಣಗಿದ ಒಂದು ಹುಳವನ್ನು ಅಮ್ಮ ನನ್ನ ಅಂಗೈ ಮೇಲಿಟ್ಟು ಬೆರಳಲ್ಲಿ ಅರೆದರು. ಕಡುಗೆಂಪು, ಕುಂಕುಮಕ್ಕಿಂತ ಆಳ. ಅದಕ್ಕೆ ಎರಡು ಹನಿ ನಿಂಬೆರಸ ಬಿಟ್ಟರು, ನೋಡನೋಡುತ್ತಲೇ ಕಿತ್ತಳೆಗೆ ತಿರುಗಿತು. ತಂಗಿಯ ಕೈಯಲ್ಲಿ ಚಿಟಿಕೆ ಸೋಡಾ ಹಾಕಿದರು, ನೇರಳೆಯಾಯಿತು. ಒಂದೇ ಹುಳ, ಮೂರು ಬಣ್ಣ. ಹಳದಿಗೆ ಕೋಲ್ಯೆ ಮರದ ಹೂವು, ಹಸಿರಿಗೆ ಚಿಲ್ಕಾ ಗಿಡದ ಎಲೆ. ನಮ್ಮ ಕಡೆ ಹೊಲದ ಬೇಲಿಗೆ ಬೆಳೆಯುವ ಪಾಪಸುಕಳ್ಳಿ ಮೂಲದಲ್ಲಿ ಅಮೆರಿಕ ಖಂಡದ ಗಿಡ ಅಂತ ಗೊತ್ತಿತ್ತು. 18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಮದರಾಸಿನಲ್ಲಿ ಈ ಕೆಂಪಿನ ಹುಳ ಸಾಕೋಕೆ ಕಳ್ಳಿ ತೋಟವನ್ನೇ ಮಾಡಿದ್ದರು. ನಾವು ಚಿಕ್ಕಂದಿನಲ್ಲಿ ಕಳ್ಳಿ ಹಣ್ಣು ತಿಂದು ನಾಲಿಗೆ ಕೆಂಪು ಮಾಡಿಕೊಂಡದ್ದನ್ನು ತಂಗಿ ಸ್ಪ್ಯಾನಿಷ್‌ನಲ್ಲಿ ಹೇಳಿದಾಗ ಅಮ್ಮ ಬಾಯ್ತುಂಬ ನಕ್ಕರು. ಅವರ ಮಕ್ಕಳೂ ಹಾಗೇ ತಿನ್ನುತ್ತಾರಂತೆ, ಅವರ ಊರಲ್ಲಿ ಅದಕ್ಕೆ ತೂನಾ ಅಂತ ಹೆಸರು.

ಮಗ್ಗ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಮಗ್ಗ ಅಂತ ಹೇಳೋಕೆ ಅಲ್ಲಿ ಏನೂ ಇಲ್ಲ. ನಾಲ್ಕಾರು ಕೋಲು, ಒಂದು ಪಟ್ಟಿ, ಅಷ್ಟೇ. ಹಾಸಿನ, ಅಂದರೆ ಉದ್ದಕ್ಕೆ ಎಳೆದ ಎಳೆಗಳ ಒಂದು ತುದಿ ಗೂಟಕ್ಕೆ, ಇನ್ನೊಂದು ತುದಿ ನೇಯುವವರ ಸೊಂಟಕ್ಕೆ. ಹಾಸು ಬಿಗಿಯಾಗಬೇಕಾದರೆ ಹಿಂದಕ್ಕೆ ವಾಲಬೇಕು, ಸಡಿಲ ಬೇಕಾದರೆ ಮುಂದಕ್ಕೆ ಬಾಗಬೇಕು. ಅಂದರೆ ಮೈಯೇ ಮಗ್ಗದ ಅರ್ಧ. ಹಾಸು ಹಾಕೋದನ್ನು ಇಬ್ಬರು ಎದುರುಬದುರು ಕೂತು ಮಾಡುತ್ತಾರೆ. ನೆಲಕ್ಕೆ ಹೊಡೆದ ಗೂಟಗಳ ನಡುವೆ ನೂಲಿನ ಉಂಡೆಯನ್ನು ಒಬ್ಬರಿಂದ ಒಬ್ಬರಿಗೆ ಉರುಳಿಸುತ್ತಾ, ಮಾತಾಡುತ್ತಾ, ಎಣಿಕೆ ಮಾತ್ರ ತಪ್ಪದೆ. ಲಾಮಾ ಪ್ರಾಣಿಯ ಮೂಳೆಯನ್ನು ಚೂಪು ಮಾಡಿದ ಒಂದು ಕೈಯುಪಕರಣ ಇದೆ, ರುಕಿ ಅನ್ನುತ್ತಾರೆ. ಎಳೆ ಎತ್ತೋಕೂ ಅದೇ, ಹೊಕ್ಕನ್ನು, ಅಂದರೆ ಅಡ್ಡ ಎಳೆಯನ್ನು ಬಡಿದು ಕೂರಿಸೋಕೂ ಅದೇ. ಹಣಿಗೆ ಇಲ್ಲ, ಕಾಗದದ ಮೇಲೆ ಬರೆದ ನಕ್ಷೆ ಇಲ್ಲ. ಯಾವ ಎಳೆ ಮೇಲೆ, ಯಾವುದು ಕೆಳಗೆ ಅನ್ನೋದು ಪೂರ್ತಿ ತಲೆಯಲ್ಲಿ.

ಮಕ್ಕಳಿಗೆ ಮೊದಲು ಕಲಿಸೋದು ಹಾಕಿಮಾ ಅನ್ನೋ ಬೆರಳಗಲದ ಪಟ್ಟಿ. ನಮಗೂ ಅದನ್ನೇ ಕೊಟ್ಟರು. ಎರಡು ದಿನದಲ್ಲಿ ನಾನು ನೇಯ್ದದ್ದು ಒಂದು ಗೇಣು, ಅದರಲ್ಲೂ ಏಳು ತಪ್ಪು. ತಪ್ಪಾದಾಗ ಅಮ್ಮ ಬೈಯಲಿಲ್ಲ, ಬಿಚ್ಚಿಯೂ ಕೊಡಲಿಲ್ಲ. ಬೆರಳು ಇಟ್ಟು ತೋರಿಸಿ 'ಮಾನಾ' ಅನ್ನುತ್ತಿದ್ದರು, ಅಲ್ಲ ಅಂತ. ಎಲ್ಲಿ ತಪ್ಪಿತು ಅಂತ ನಾವೇ ಹುಡುಕಬೇಕು. ಪಕ್ಕದಲ್ಲಿ ಅವರ ಹತ್ತು ವರ್ಷದ ಮಗಳು ನಮಗಿಂತ ನಾಲ್ಕು ಪಟ್ಟು ವೇಗವಾಗಿ ನೇಯುತ್ತಾ, ನಡುನಡುವೆ ನಮ್ಮ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ದೊಡ್ಡವರು ನೇಯುವ ಚಿತ್ತಾರಗಳಲ್ಲಿ ಲೊರಾಯ್ಪು ಅನ್ನೋದು ಚಿಂಚೆರೊದ ಗುರುತು. ಅದನ್ನು ಕಂಡರೆ ಸಂತೆಯಲ್ಲಿ ಯಾವ ಊರಿನವಳು ಅಂತ ಹೇಳಬಹುದಂತೆ. ಖಣದ ಅಂಚು ನೋಡಿ ಅಜ್ಜ ಯಾರ ಮನೆಯ ಮಗ್ಗ ಅಂತ ಹೇಳುತ್ತಿದ್ದದ್ದು ನೆನಪಾಯಿತು.

ಇಲ್ಲಿ ನನಗೆ ಹೊಸದಾಗಿ ಕಂಡದ್ದು ಎರಡು. ಒಂದು, ಬಟ್ಟೆಯಲ್ಲಿ ಹೊಕ್ಕು ಕಾಣಿಸೋದೇ ಇಲ್ಲ. ಹಾಸು ಅಷ್ಟು ಒತ್ತಾಗಿ ಕೂತಿರುತ್ತೆ, ಚಿತ್ತಾರ ಎಲ್ಲ ಹಾಸಿನಲ್ಲೇ. ತಿರುಗಿಸಿದರೆ ಹಿಂಬದಿಯಲ್ಲೂ ಅದೇ ಚಿತ್ತಾರ, ಬಣ್ಣ ಮಾತ್ರ ಅದಲುಬದಲು. ಇನ್ನೊಂದು, ಬಟ್ಟೆಗೆ ನಾಲ್ಕು ಕಡೆಯೂ ಅಂಚು ಇದೆ. ನಮ್ಮಲ್ಲಿ ಎರಡು ಬದಿಗೆ ಅಂಚು, ಕೊನೆಗೆ ಮಗ್ಗದಿಂದ ಕತ್ತರಿಸಿ ಇಳಿಸುತ್ತೇವೆ. ಅವರು ಕತ್ತರಿ ಮುಟ್ಟಿಸೋದಿಲ್ಲ. ಹಾಸಿನ ಕೊನೆಯ ಕುಣಿಕೆಯವರೆಗೂ ನೇಯ್ದು, ಸೂಜಿಯಲ್ಲಿ ಹೊಕ್ಕು ತೂರಿಸಿ ಮುಗಿಸುತ್ತಾರೆ. ಆ ಕೊನೆಯ ಎರಡು ಇಂಚಿಗೆ ಅರ್ಧ ದಿನ ಹಿಡಿಯುತ್ತೆ. ಮೇಲಿಂದ ಸುತ್ತಲೂ ಕೊಳವೆಯ ಹಾಗೆ ಇನ್ನೊಂದು ಅಂಚು ನೇಯ್ದು ಕೂರಿಸುತ್ತಾರೆ. ಅದರ ಹೆಸರು ಞಾವಿ ಅವಾಪು. ಞಾವಿ ಅಂದರೆ ಕಣ್ಣು. ಹತ್ತಿರ ಹಿಡಿದು ನೋಡಿದರೆ ಸಾಲಾಗಿ ಪುಟ್ಟ ಪುಟ್ಟ ಕಣ್ಣುಗಳು ನಮ್ಮನ್ನೇ ನೋಡುತ್ತವೆ.

ಹೌದು, ಞ. ಒಂದನೇ ತರಗತಿಯಿಂದ ಕಲಿತ ಈ ಅಕ್ಷರ ಕೊನೆಗೂ ಉಪಯೋಗಕ್ಕೆ ಬಂತು. ಅಲ್ಲಿಯವರ ಭಾಷೆ ಕೆಚುವಾ, ಪೆರುವಿನಲ್ಲಿ 1975ರಲ್ಲಿ ಅಧಿಕೃತ ಭಾಷೆಯಾಯಿತು. 2017ರ ಜನಗಣತಿಯಲ್ಲಿ ಆ ದೇಶದಲ್ಲಿ ಸುಮಾರು 38 ಲಕ್ಷ ಜನ ಇದೇ ನಮ್ಮ ತಾಯ್ನುಡಿ ಅಂದಿದ್ದಾರೆ. ಕನ್ನಡದವರಿಗೆ ಕೆಚುವಾ ಕಿವಿಗೆ ಹೊಸದಾದರೂ ಕಟ್ಟು ತುಂಬ ಪರಿಚಿತ. ವಾಸಿ ಅಂದರೆ ಮನೆ. ವಾಸಿಪಿ, ಮನೆಯಲ್ಲಿ. ವಾಸಿಮಾಂತಾ, ಮನೆಯಿಂದ. ವಾಸಿಕುನಾ, ಮನೆಗಳು. ಬಾಲ ಅಂಟಿಸುತ್ತಾ ಹೋಗೋದು ಅಷ್ಟೇ. 'ನಾವು' ಅನ್ನೋಕೆ ಎರಡು ಪದ ಇವೆ. ಕೇಳುವವರನ್ನೂ ಸೇರಿಸಿಕೊಂಡರೆ ಞೊಕಾಂಚಿಸ್, ಬಿಟ್ಟರೆ ಞೊಕಾಯ್ಕು. ತೆಲುಗಿನ ಮನಮು, ಮೇಮು ಇದ್ದ ಹಾಗೆ. ಇನ್ನೂ ಒಂದಿದೆ, ಅದು ನನಗೆ ತುಂಬಾ ಇಷ್ಟವಾಯಿತು. ಕಣ್ಣಾರೆ ಕಂಡದ್ದಕ್ಕೂ ಯಾರೋ ಹೇಳಿದ್ದಕ್ಕೂ ಬೇರೆ ಬೇರೆ ಬಾಲ. ಪಾರಾಮುಶಾನ್‌ಮಿ ಅಂದರೆ ಮಳೆ ಬರ್ತಿದೆ, ನಾನೇ ನೋಡ್ತಿದ್ದೀನಿ. ಪಾರಾಮುಶಾನ್‌ಸಿ ಅಂದರೆ ಮಳೆ ಬರ್ತಿದೆಯಂತೆ. ನಮ್ಮ 'ಅಂತೆ'! ಇಂಗ್ಲಿಷ್‌ನವರಿಗೆ ಇದನ್ನು ವಿವರಿಸೋಕೆ ಅರ್ಧ ಪುಟ ಬೇಕು, ನಮಗೆ ಒಂದು ಪದ ಸಾಕು. ಅಮ್ಮನಿಗೆ ತಂಗಿ ಇದನ್ನು ವಿವರಿಸಿದ ಮೇಲೆ ಅವರು ಮೂರು ದಿನವೂ 'ಅಂತೆ, ಅಂತೆ' ಅಂತ ಹೇಳಿ ನೋಡುತ್ತಿದ್ದರು.

ಒಂದು ಸಂಗತಿ ಮಾತ್ರ ಮನಸ್ಸಿಗೆ ಚುಚ್ಚಿತು. ಅಜ್ಜಿ ಕೆಚುವಾ ಮಾತ್ರ ಆಡುತ್ತಾರೆ. ಅಮ್ಮನಿಗೆ ಎರಡೂ ಬರುತ್ತೆ. ಹದಿನಾಲ್ಕು ವರ್ಷದ ಮಗನಿಗೆ ಅಜ್ಜಿ ಕೆಚುವಾದಲ್ಲಿ ಕೇಳುತ್ತಾರೆ, ಅವನು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುತ್ತಾನೆ. ಬೆಂಗಳೂರಿನ ಎಷ್ಟು ಮನೆಗಳಲ್ಲಿ ಇದನ್ನೇ ನೋಡುತ್ತಿದ್ದೀವಿ.

ಜನರ ಬದುಕು ಹೇಗೆ ನಡೆಯುತ್ತೆ ಅಂತ ತಿಳಿಯಬೇಕಾದರೆ ಭಾನುವಾರ ಅಲ್ಲಿರಬೇಕು. ಸಂತೆಯ ದಿನ. ಕೆಳಗಿನ ಕಣಿವೆಯವರು ಮೆಕ್ಕೆಜೋಳ, ಹಣ್ಣು ತರುತ್ತಾರೆ, ಮೇಲಿನವರು ಆಲೂಗಡ್ಡೆ, ಓಕಾ ಗೆಡ್ಡೆ, ಅವರೆಯಂಥ ದಪ್ಪ ಕಾಳು ತರುತ್ತಾರೆ. ಕೆಲವು ಹೆಂಗಸರು ಇವತ್ತಿಗೂ ದುಡ್ಡಿಲ್ಲದೆ ಬದಲಾಯಿಸಿಕೊಳ್ಳುತ್ತಾರೆ. ಅಳತೆ ಆದ ಮೇಲೆ 'ಯಾಪಾ' ಅಂತ ಇನ್ನೊಂದು ಹಿಡಿ ಹಾಕಲೇಬೇಕು. ಕೊಸರು! ಹಾಕದಿದ್ದರೆ ಅಮ್ಮ ಕೈ ಚಾಚಿಕೊಂಡೇ ನಿಂತಿರುತ್ತಿದ್ದರು. ಹೊಲದ ಕೆಲಸದಲ್ಲಿ ಐನಿ ಅಂತ ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾನು ಬಂದರೆ ನಾಳೆ ನನ್ನ ಹೊಲಕ್ಕೆ ನೀನು. ನಮ್ಮ ಮುಯ್ಯಾಳು ಪದ್ಧತಿಯೇ, ಬೇರೆ ಏನಲ್ಲ. ಕೂಲಿ ಲೆಕ್ಕ ಇಲ್ಲ, ಆದರೆ ಯಾರು ಯಾರಿಗೆ ಎಷ್ಟು ದಿನ ಬಾಕಿ ಅನ್ನೋದು ಊರಿಗೆಲ್ಲ ಗೊತ್ತಿರುತ್ತೆ.

ಊಟದ ಬಗ್ಗೆ. ನಾವು ಸಸ್ಯಾಹಾರಿಗಳು, ಮುಂಚೆಯೇ ಹೇಳಿದ್ದೆವು, ಅವರು ಕೊನೆವರೆಗೂ ಪಾಲಿಸಿದರು. ಅಡುಗೆಮನೆಯ ಮೂಲೆಯಲ್ಲಿ ಗಿನಿ ಹಂದಿಗಳು ಓಡಾಡುತ್ತಿರುತ್ತವೆ. ಹಬ್ಬದ ಅಡುಗೆಗೆ ಸಾಕಿದ್ದು ಅಂತ ಮೊದಲೇ ತಿಳಿದಿರಲಿ, ಮುಖ ಕಿವುಚಬೇಡಿ. ನಮಗೆ ಬೆಳಿಗ್ಗೆ ಕಿನೋವಾ ಗಂಜಿ, ಮಧ್ಯಾಹ್ನ ಕಾಳಿನ ಸೂಪು, ಮೂರು ಹೊತ್ತೂ ಆಲೂಗಡ್ಡೆ. ಮೂರು ಹೊತ್ತು ಅಂದರೆ ಬೇಜಾರಾಗಬಹುದು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಆ ತಟ್ಟೆಯಲ್ಲಿದ್ದ ಒಂದು ಗಡ್ಡೆ ಹಳದಿ ಹಿಟ್ಟಿನ ಹಾಗೆ, ಇನ್ನೊಂದು ನೇರಳೆ, ಮತ್ತೊಂದು ಗೆಣಸಿನ ಹಾಗೆ ಉದ್ದ. ಪೆರುವಿನಲ್ಲಿ 3,000ಕ್ಕೂ ಜಾಸ್ತಿ ತಳಿ ಇವೆ. ಒಂದು ತಳಿ ಮೈತುಂಬ ಗಂಟು ಗಂಟು, ಸಿಪ್ಪೆ ಸುಲಿಯೋಕೆ ಆಗೋದೇ ಇಲ್ಲ. ಅದರ ಹೆಸರು ಕಚುನ್ ವಾಕಾಚಿ, ಅಂದರೆ 'ಸೊಸೆಯನ್ನು ಅಳಿಸುವುದು'. ಮದುವೆಗೆ ಮುಂಚೆ ಹುಡುಗಿಯ ಕೈಗೆ ಅದನ್ನು ಕೊಟ್ಟು ಸುಲಿಸುತ್ತಿದ್ದರಂತೆ. ಅತ್ತೆ ಸೊಸೆ ಎಲ್ಲ ದೇಶದಲ್ಲೂ ಒಂದೇ ನೋಡಿ.

ಎರಡನೇ ಮಧ್ಯಾಹ್ನ ಹೊಲದಲ್ಲೇ ಊಟ. ಗಟ್ಟಿ ಮಣ್ಣಿನ ಹೆಂಟೆಗಳನ್ನು ಗುಮ್ಮಟದ ಹಾಗೆ ಪೇರಿಸಿ, ಒಳಗೆ ಒಣ ಕಡ್ಡಿ ಉರಿಸಿ, ಹೆಂಟೆ ಕೆಂಪಗಾದ ಮೇಲೆ ಆಲೂಗಡ್ಡೆ ಸುರಿದು ಇಡೀ ಗುಮ್ಮಟವನ್ನು ಅದರ ಮೇಲೇ ಕೆಡವಿ ಮುಚ್ಚಿದರು. ವಾತಿಯಾ ಅನ್ನುತ್ತಾರೆ. ಮುಕ್ಕಾಲು ಗಂಟೆ ಬಿಟ್ಟು ಅಗೆದು ತೆಗೆದರೆ ಸುಟ್ಟ ಸಿಪ್ಪೆ, ಮಣ್ಣಿನ ಘಮ, ಒಳಗೆ ಬೆಣ್ಣೆ. ಜೊತೆಗೆ ಒರಳುಕಲ್ಲಿನಲ್ಲಿ ಅರೆದ ಉಚುಕುಟಾ ಅನ್ನೋ ಹಸಿಮೆಣಸಿನಕಾಯಿ ಚಟ್ನಿ. ಆ ಚಟ್ನಿ ನಮ್ಮ ಬಾಗಲಕೋಟೆ ಬಾಯಿಗೂ ಖಾರ ಅನ್ನಿಸಿತು. ಊಟದ ನಂತರ ಮುಞಾ ಸೊಪ್ಪಿನ ಕಷಾಯ, ಪುದೀನಾದ ಹತ್ತಿರದ ರುಚಿ, ಹೊಟ್ಟೆಗೆ ಹಗುರ. ಕೋಕಾ ಎಲೆಯ ಚಹಾ ಅಲ್ಲಿ ಎಲ್ಲರೂ ಕುಡಿಯುತ್ತಾರೆ, ಅಲ್ಲಿ ತಪ್ಪಲ್ಲ. ಆದರೆ ಒಂದು ಎಲೆಯನ್ನೂ ಬ್ಯಾಗಿನಲ್ಲಿ ಊರಿಗೆ ತರಬೇಡಿ, ಇಲ್ಲಿ ಕಾನೂನು ಬಿಡೋದಿಲ್ಲ.

ಹಳೆ ಊರಿನ ಚೌಕಕ್ಕೂ ಒಂದು ಬೆಳಿಗ್ಗೆ ಹೋಗಿ. ಸ್ಪೇನಿನವರಿಗಿಂತ ಮುಂಚೆ ಇಲ್ಲಿ ಆಳಿದ ಇಂಕಾಗಳ ದೊರೆ ತೂಪಾಕ್ ಯುಪಾಂಕಿ 15ನೇ ಶತಮಾನದಲ್ಲಿ ತನಗಾಗಿ ಕಟ್ಟಿಸಿಕೊಂಡ ಅರಮನೆಯ ಗೋಡೆ ಇಂದಿಗೂ ನಿಂತಿದೆ, ಸುಣ್ಣ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂತದ್ದು. ಅದರ ಅಡಿಪಾಯದ ಮೇಲೆಯೇ ಸ್ಪೇನಿನವರು 1607ರಲ್ಲಿ ಮೊನ್ಸೆರಾಟ್ ಮಾತೆಯ ಚರ್ಚ್ ಕಟ್ಟಿದರು. ಒಳಗಿನ ಚಾವಣಿ ತುಂಬ ಬಣ್ಣದ ಹೂಬಳ್ಳಿ, ಫೋಟೊ ತೆಗೆಯುವ ಹಾಗಿಲ್ಲ. ಹೊರಗೋಡೆಯ ಮೇಲೆ ಮಾಸಿದ ಒಂದು ಚಿತ್ರ ಇದೆ, ಪೂಮಾ ಒಂದು ಹಾವನ್ನು ಸೋಲಿಸುತ್ತಿರೋದು. ಈ ಊರಿನ ನಾಯಕ ಮಾತೇವೊ ಪೂಮಕಾವಾ 1780ರ ದಂಗೆಯಲ್ಲಿ ಸ್ಪೇನಿನವರ ಪರ ನಿಂತು ದಂಗೆಯ ಮುಖಂಡ ತೂಪಾಕ್ ಅಮಾರುವಿನ ವಿರುದ್ಧ ಹೋರಾಡಿದ. ಅಮಾರು ಅಂದರೆ ಕೆಚುವಾದಲ್ಲಿ ಹಾವು. ಅದೇ ಪೂಮಕಾವಾ 1814ರಲ್ಲಿ ತಾನೇ ಸ್ಪೇನಿನ ವಿರುದ್ಧ ಎದ್ದು, 1815ರಲ್ಲಿ ಅವರ ಕೈಯಲ್ಲೇ ಸತ್ತ. ಆ ಗೋಡೆಯ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ಟಿಕೆಟ್ ಬೇರೆ ಇದೆ, ಕುಸ್ಕೊ ಸುತ್ತಿನ ಹಲವು ಜಾಗಗಳಿಗೆ ಸೇರಿ ಕೊಡುತ್ತಾರೆ. ನಾವು ಹೋದಾಗ ಕಣಿವೆಯ ಭಾಗಕ್ಕೆ ಮಾತ್ರ 70 ಸೋಲ್ ಇತ್ತು.

ರಾತ್ರಿ ಆಕಾಶ ನೋಡದೆ ಮಲಗಬೇಡಿ, ಎಷ್ಟೇ ಚಳಿ ಇರಲಿ. ಮನೆಯ ಯಜಮಾನರು ಅಂಗಳಕ್ಕೆ ಕರೆದು ಆಕಾಶಗಂಗೆ ತೋರಿಸಿದರು. ಅವರು ಅದನ್ನು ಮಾಯು ಅನ್ನುತ್ತಾರೆ, ನದಿ ಅಂತ. ನಮಗೆ ಗಂಗೆ, ಅವರಿಗೆ ಮಾಯು. ಆದರೆ ನಾವು ಬೆಳಕಿನ ಚುಕ್ಕಿ ಸೇರಿಸಿ ಚಿತ್ರ ಮಾಡುತ್ತೇವೆ, ಅವರು ನಡುವಿನ ಕಪ್ಪು ಜಾಗದಲ್ಲೂ ಪ್ರಾಣಿ ಕಾಣುತ್ತಾರೆ. ಉದ್ದ ಕತ್ತಿನ ಕಪ್ಪು ಲಾಮಾ, ಅದರ ಎರಡು ಕಣ್ಣು ದಕ್ಷಿಣದ ಎರಡು ಪ್ರಖರ ನಕ್ಷತ್ರ. ತೋರಿಸಿದ ಮೇಲೆ ಅದು ಕಾಣದೆ ಇರೋಕೆ ಸಾಧ್ಯವೇ ಇಲ್ಲ.

ಆ ಆಕಾಶ ಎಷ್ಟು ದಿನ ಹೀಗಿರುತ್ತೋ. ಊರ ಬಯಲಿನಲ್ಲೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಏಳುತ್ತಿದೆ, 4 ಕಿಲೋಮೀಟರ್ ಉದ್ದದ ರನ್‌ವೇ. ಯಾನಾಕೋನಾ, ಆಯ್ಯೊಪೊಂಗೊ, ರಾಕ್ಚಿ ಸಮುದಾಯಗಳ ಜಮೀನು 2013ರಲ್ಲಿ ಹೋಯಿತು, 2019ರಲ್ಲಿ ಮಣ್ಣಿನ ಕೆಲಸ ಶುರುವಾಯಿತು. ಯಜಮಾನರ ಅಣ್ಣನ ಮನೆಗೂ ದುಡ್ಡು ಬಂತು, ಮೂರು ಮಹಡಿ ಕಟ್ಟಿದರು, ಉಳುವ ಹೊಲ ಹೋಯಿತು. ಕೆಲಸ ಸಿಗುತ್ತೆ, ಪ್ರವಾಸಿಗರು ನೇರ ಇಲ್ಲಿಗೇ ಬರ್ತಾರೆ ಅಂತ ಮಗನಿಗೆ ಆಸೆ. ಪಿಯುರಾಯ್ ನೀರು ಏನಾಗುತ್ತೋ ಅಂತ ಅಮ್ಮನಿಗೆ ಚಿಂತೆ. ದೇವನಹಳ್ಳಿ ಕಡೆ ಈ ಮಾತುಗಳನ್ನು ಕೇಳಿದವಳು ನಾನು, ಇಬ್ಬರ ಮಾತೂ ಅರ್ಥವಾಯಿತು. ಹೋಗಬೇಕು ಅಂತ ಇರುವವರು ಮುಂದೆ ಹಾಕಬೇಡಿ.

ಈಗ ಲೆಕ್ಕ. ಒಬ್ಬರಿಗೆ ಒಂದು ರಾತ್ರಿಗೆ ಮೂರು ಊಟ ಸೇರಿ 110 ಸೋಲ್, ಪಾಠಕ್ಕೆ ದಿನಕ್ಕೆ 60, ನೂಲಿಗೆ 25. ಒಟ್ಟು 475 ಸೋಲ್, ನಮ್ಮ ದುಡ್ಡಿನಲ್ಲಿ 11 ಸಾವಿರದ ಹತ್ತಿರ. ಈ ನೂಲಿನ 25 ಬೇರೆ ಅಂತ ಮೊದಲು ಹೇಳಲಿಲ್ಲ, ಕೊನೆಯ ದಿನ ಹೇಳಿದರು. ಸಣ್ಣ ಮೊತ್ತವೇ, ಆದರೂ ಮುಂಚೆ ಹೇಳಬೇಕಿತ್ತು. ಅರ್ಧ ಅಂಕದ ಉಳಿದ ಭಾಗ ಇದಕ್ಕೆ. ಕಾರ್ಡ್ ನಡೆಯೋದಿಲ್ಲ, ನೋಟು ಇಟ್ಟುಕೊಳ್ಳಿ. ಮನೆ ಹುಡುಕೋಕೆ ಸುಲಭ ದಾರಿ ಅಂದರೆ ಭಾನುವಾರದ ಸಂತೆಗೆ ಹೋಗಿ, ನೇಯುತ್ತಾ ಕೂತ ಹೆಂಗಸರನ್ನು ಉಳಿಯೋಕೆ ಜಾಗ ಇದೆಯಾ ಅಂತ ಕೇಳೋದು. ಉಳಿಯೋಕೆ ಆಗದವರು ಕುಸ್ಕೊ ನಗರದಲ್ಲೇ ಇರುವ ಸಾಂಪ್ರದಾಯಿಕ ಜವಳಿ ಕೇಂದ್ರಕ್ಕೆ ಹೋಗಿ. ಚಿಂಚೆರೊದಲ್ಲೇ ಹುಟ್ಟಿದ ನೇಕಾರ್ತಿ ನಿಲ್ಡಾ ಕಾಲ್ಯಾಞೌಪಾ ಮತ್ತು ಜೊತೆಯವರು 1996ರಲ್ಲಿ ಶುರು ಮಾಡಿದ್ದು, ಹತ್ತು ಸಮುದಾಯಗಳ ಜೊತೆ ಕೆಲಸ ಮಾಡುತ್ತೆ. ಬಟ್ಟೆಗೆ ನೇಯ್ದವರ ಹೆಸರಿನ ಚೀಟಿ ಇರುತ್ತೆ. ಬೆಲೆ ಜಾಸ್ತಿ, ಆದರೆ ಮೋಸ ಇಲ್ಲ.

ಕೊಳ್ಳುವಾಗ ತಿರುಗಿಸಿ ಹಿಂಬದಿ ನೋಡಿ, ನಾಲ್ಕೂ ಅಂಚು ನೋಡಿ. ಒಂದು ಕಡೆ ಮಡಚಿ ಹೊಲಿದಿದ್ದರೆ ಅದು ಕತ್ತರಿಸಿದ್ದು, ಇಂಥ ಸೊಂಟದ ಮಗ್ಗದಲ್ಲಿ ಪೂರ್ತಿ ನೇಯ್ದದ್ದಲ್ಲ. ನಾನು ಅಮ್ಮನ ಕೈಯಿಂದಲೇ ಒಂದು ಲಿಕ್ಲ್ಯಾ ತಗೊಂಡೆ, 650 ಸೋಲ್. ಎರಡು ತುಂಡು ನೇಯ್ದು ನಡುವೆ ಕೈಯಲ್ಲಿ ಹೊಲಿದದ್ದು, ಮನೆಗೆಲಸದ ನಡುವೆ ಎರಡು ತಿಂಗಳು ಹಿಡಿದಿತ್ತು. ಚೌಕಾಸಿ ಮಾಡೋಕೆ ನನಗೆ ಬಾಯಿ ಬರಲಿಲ್ಲ. ಬಟ್ಟೆ ಕಟ್ಟಿಕೊಟ್ಟ ಮೇಲೆ ಅವರೇ ಒಂದು ಕೆಂಪು ಪಟ್ಟಿ ಸೇರಿಸಿ 'ಯಾಪಾ' ಅಂದರು.

ಊರಿಗೆ ಬಂದ ಮೇಲೆ ಗುಳೇದಗುಡ್ಡಕ್ಕೆ ಹೋಗಿ ಅದನ್ನು ಕಾಕಾನ ಮುಂದೆ ಹಾಸಿದೆ. ಐವತ್ತು ವರ್ಷ ಮಗ್ಗದಲ್ಲಿ ಕೂತವರು. ಕನ್ನಡಕ ಹಣೆಗೇರಿಸಿ, ಬಟ್ಟೆ ತಿರುಗಿಸಿ, ಹೆಬ್ಬೆರಳಲ್ಲಿ ಒಂದಂಚು ಸವರಿದರು. ಆಮೇಲೆ ಎರಡನೇದು, ಮೂರನೇದು, ನಾಲ್ಕನೇದು. ಮತ್ತೆ ಮೊದಲನೇದಕ್ಕೆ ಬಂದರು.

"ಇದನ್ನ ಎಲ್ಲಿ ಕತ್ತರಿಸ್ಯಾರವಾ?"

"ಕತ್ತರಿಸಂಗಿಲ್ಲಂತ ಕಾಕಾ ಅವರು."

ಕಾಕಾ ಏನೂ ಹೇಳಲಿಲ್ಲ. ಬಟ್ಟೆ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋಗಿ ಕೂತರು, ನಾಲ್ಕು ಅಂಚನ್ನೂ ಮತ್ತೆ ಮೊದಲಿನಿಂದ ಸವರತೊಡಗಿದರು.